ಸತ್ಯಾಂಶ: ಸ್ಲ್ಯಾಬ್‌ನಲ್ಲಿರುವ ನಾಣ್ಯಕ್ಕೆ ಯಾವ ಆಲ್ಬಂ ಹಾಳೆಯಾದರೂ ನಡೆಯುತ್ತಾ?

ಸ್ಲ್ಯಾಬ್ ಅಂದ್ರೆ ನಾಣ್ಯದ ಅಸಲಿತನ, ಸ್ಥಿತಿ ಪರೀಕ್ಷಿಸಿ ದರ್ಜೆ (ಗ್ರೇಡ್) ಕೊಟ್ಟ ಮೇಲೆ ಅದನ್ನು ಸೀಲ್ ಮಾಡುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ. "ಗ್ರೇಡ್ ಆದ ನಾಣ್ಯ ಸೀಲ್ ಆಗಿರುತ್ತೆ, ಗಾಳಿನೂ ಹೋಗಲ್ಲ, ಯಾವ ಹಾಳೆಗೆ ಹಾಕಿದ್ರೂ ನಡೆಯುತ್ತೆ" ಅನ್ನೋ ಫಾರ್ವರ್ಡ್ ನೋಡಿರುತ್ತೀರಿ. ಅರ್ಧ ಮಾತ್ರ ನಿಜ.

ಪಿಸಿಜಿಎಸ್, ಎನ್‌ಜಿಸಿ ಎಂಬ ಗ್ರೇಡಿಂಗ್ ಕಂಪನಿಗಳ ಸ್ಲ್ಯಾಬ್‌ಗಳು ಗಟ್ಟಿಮುಟ್ಟು, ಸರಿ. ಆದರೆ ಗಾಳಿಯಾಡದ ಡಬ್ಬಿಗಳಲ್ಲ. ಆಲ್ಬಂನ ಮೆತ್ತಗಿನ ಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್) ಹಾಳೆ ಚೆನ್ನಾಗಿ ಬಗ್ಗಲಿ ಅಂತ ಎಣ್ಣೆಯಂಥದ್ದೊಂದು ಸೇರಿಸಿರುತ್ತಾರೆ, ಅದು ವರ್ಷಗಳಲ್ಲಿ ಹೊರಗೆ ಒಸರಿ ಸ್ಲ್ಯಾಬ್ ಮೇಲೆ ಅಂಟಂಟು ಮಬ್ಬು ಕೂರಿಸುತ್ತದೆ. ಪಿವಿಸಿ ಹಳತಾದರೆ ಆಮ್ಲದ ಆವಿಯನ್ನೂ ಬಿಡುತ್ತದೆ. ಅದು ತಾಮ್ರಕ್ಕೆ ಆಗಿಬರಲ್ಲ. ಬ್ರಿಟಿಷರ ಕಾಲದ, 1940ಕ್ಕೆ ಮುಂಚಿನ ಬೆಳ್ಳಿ ರೂಪಾಯಿಯಲ್ಲೂ ಬೆಳ್ಳಿ 91.7%, ಉಳಿದದ್ದು ತಾಮ್ರವೇ ಅಲ್ವಾ? ಬಿಡಿ ನಾಣ್ಯಗಳ ಮೇಲೆ ಕಾಣುವ ಹಸಿರು ಜಿಡ್ಡು ಹೆಚ್ಚಾಗಿ ಇದರದ್ದೇ ಕೆಲಸ. ಸ್ಲ್ಯಾಬ್ ಒಳಗೆ ಅಪಾಯ ಕಡಿಮೆ, ಸೊನ್ನೆ ಅಲ್ಲ.

ಹಾಳೆಗೆ ಹೊಸ ರೇನ್‌ಕೋಟ್ ವಾಸನೆ ಇದ್ದರೆ ಅನುಮಾನ ಪಡಿ. ತಾಮ್ರದ ತಂತಿ ಕಾಯಿಸಿ, ಹಾಳೆಯ ತುಂಡಿಗೆ ತಾಗಿಸಿ, ಮತ್ತೆ ಉರಿಗೆ ಹಿಡಿದಾಗ ಉರಿ ಹಸಿರಾದರೆ ಅದು ಪಿವಿಸಿನೇ (ಮನೆ ಹೊರಗೆ ಮಾಡಿ, ಹೊಗೆ ಒಳ್ಳೇದಲ್ಲ).

ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಅಂತ ಬರೆದಿರುವುದನ್ನೇ ಕೊಳ್ಳಿ. ಬಿಡಿ ನಾಣ್ಯದ ಪುಟ್ಟ ಕಿಂಡಿಗಳಿಗೆ ಸ್ಲ್ಯಾಬ್ ಹಿಡಿಸೋದೇ ಇಲ್ಲ, ಸ್ಲ್ಯಾಬ್ ಅಳತೆಯ ಹಾಳೆ ಬೇಕು. ಭಾರವೂ ಜಾಸ್ತಿ, ಒಂದೇ ಫೈಲ್‌ಗೆ ತುರುಕಿದರೆ ರಿಂಗ್ ಹತ್ತಿರ ಹಾಳೆ ಹರಿಯುತ್ತದೆ.