ಎತ್ತಿಕೊಂಡು ಹೋಗೋಕೆ ಜನ ಇದ್ದಾರಂತೆ

ನಿನ್ನೆ ಸಂಜೆ ಒಂದು ಬಯಲು ಕಾರ್ಯಕ್ರಮಕ್ಕೆ ಹೋಗಿದ್ದೆ. ಗೇಟಿನವರೆಗೆ ಹೋಗಿದ್ದೆ ಅಂದರೆ ಸರಿ. ಅಲ್ಲಿಂದ ವೇದಿಕೆಯವರೆಗೆ ಬರೀ ಜಲ್ಲಿ. ಚೆಂದ ಕಾಣಲಿ ಅಂತ ಹೊಸದಾಗಿ ಸುರಿದದ್ದು. ನನ್ನ ವೀಲ್‌ಚೇರಿನ ಮುಂದಿನ ಪುಟ್ಟ ಚಕ್ರಗಳಿಗೂ ಜಲ್ಲಿಗೂ ಆಗಿಬರುವುದಿಲ್ಲ ಅಂತ ಇಲ್ಲಿರುವ ಹಳೆಯ ಸ್ನೇಹಿತರಿಗೆಲ್ಲ ಗೊತ್ತು. ಚಕ್ರ ಹೂತುಕೊಳ್ಳುತ್ತದೆ, ಕುರ್ಚಿ ನಿಲ್ಲುತ್ತದೆ, ನಾನು ಮಾತ್ರ ಮುಂದಕ್ಕೆ ಹೋಗುತ್ತೇನೆ.

ಸಂಘಟಕರು ಓಡಿಬಂದರು. ಒಳ್ಳೆಯ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. "ಮೇಡಂ, ಮೊದಲೇ ಒಂದು ಮಾತು ಹೇಳಬಾರದಿತ್ತಾ? ನಮ್ಮ ಹುಡುಗರು ಎತ್ತಿಕೊಂಡು ಹೋಗ್ತಿದ್ರು."

ಎತ್ತಿಕೊಂಡು! ಉಳಿದವರೆಲ್ಲ ನಡೆದು ಹೋಗುವ ಜಾಗಕ್ಕೆ ನಾನು ಮೆರವಣಿಗೆಯಲ್ಲಿ ಹೋಗಬೇಕು. ಹೋಗಲಿ, ಎತ್ತುವವರಾದರೂ ಎಲ್ಲಿ ಹಿಡಿಯುತ್ತಾರೆ? ಕೈ ಇಡುವ ಹಿಡಿಕೆಯನ್ನು. ಎಷ್ಟೋ ಕುರ್ಚಿಗಳಲ್ಲಿ ಅದು ಕಳಚಿ ತೆಗೆಯಲೆಂದೇ ಮಾಡಿದ ಭಾಗ. ಅರ್ಧ ದಾರಿಯಲ್ಲಿ ಹಿಡಿಕೆ ಅವರ ಕೈಯಲ್ಲಿ, ನಾನು ನೆಲದಲ್ಲಿ. ಬ್ಯಾಟರಿ ಕುರ್ಚಿಯಾದರೆ ಇನ್ನೂ ಚೆಂದ. ಅಂಥವುಗಳಲ್ಲಿ ಬಹಳಷ್ಟು 100 ಕಿಲೋ ದಾಟುತ್ತವೆ, ಕೂತವರ ತೂಕ ಬೇರೆ. ಎತ್ತಿ ನೋಡೋಣ.

ಮೊದಲೇ ಹೇಳಬೇಕಿತ್ತಂತೆ. ಯಾರಿಗೆ? ಆಹ್ವಾನ ಪತ್ರಿಕೆಯಲ್ಲಿ ಅತಿಥಿಗಳ ಹೆಸರು, ಅವರ ಬಿರುದುಗಳು, ಪ್ರಾಯೋಜಕರ ಚಿಹ್ನೆಗಳು ಎಲ್ಲ ಇದ್ದವು. ಒಂದು ಫೋನ್ ನಂಬರ್ ಇರಲಿಲ್ಲ. ನೆಲ ಹೇಗಿದೆ, ಗಾಡಿ ಎಲ್ಲಿಯವರೆಗೆ ಬರುತ್ತದೆ, ಶೌಚಾಲಯದ ಬಾಗಿಲು ಎಷ್ಟು ಅಗಲ? ಈ ಮೂರು ಸಾಲು ಹಾಕಿದ್ದರೆ ಹೋಗಬೇಕೋ ಬೇಡವೋ ಅಂತ ನಾನೇ ಮನೆಯಲ್ಲಿ ಕೂತು ತೀರ್ಮಾನ ಮಾಡುತ್ತಿದ್ದೆ. ಗೇಟಿನ ಹತ್ತಿರ ಪ್ರದರ್ಶನಕ್ಕೆ ನಿಲ್ಲುವುದು ತಪ್ಪುತ್ತಿತ್ತು.

ಶೌಚಾಲಯ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೊರಗೆ ಕಾರ್ಯಕ್ರಮ ಇದ್ದ ದಿನ ನಾನು ಬೆಳಿಗ್ಗೆಯಿಂದ ಸರಿಯಾಗಿ ನೀರು ಕುಡಿಯುವುದಿಲ್ಲ. ಡಾಕ್ಟರಿಗೆ ಗೊತ್ತಾದರೆ ಬೈಯುತ್ತಾರೆ. ಬೈಯಲಿ. ತಾತ್ಕಾಲಿಕವಾಗಿ ತಂದು ನಿಲ್ಲಿಸುವ ಆ ಪ್ಲಾಸ್ಟಿಕ್ ಡಬ್ಬಿಗಳಿಗೆ ಮೆಟ್ಟಿಲು ಇರುತ್ತದೆ, ಒಳಗೆ ಕುರ್ಚಿ ಹಿಡಿಸುವುದಿಲ್ಲ. ವೀಲ್‌ಚೇರ್ ಸುತ್ತು ತಿರುಗಲು ಸುಮಾರು ಒಂದೂವರೆ ಮೀಟರ್ ಜಾಗ ಬೇಕು. ಅಷ್ಟು ಅಗಲದ, ಮೆಟ್ಟಿಲಿಲ್ಲದ ಡಬ್ಬಿಗಳೂ ಬಾಡಿಗೆಗೆ ಸಿಗುವಂಥವೇ. ಕೇಳಬೇಕು ಅಷ್ಟೆ.

ಇನ್ನು ವೇದಿಕೆ. "ರ‍್ಯಾಂಪ್ ಹಾಕಿದ್ದೀವಿ" ಅಂತ ತೋರಿಸಿದರು. ಒಂದು ಹಲಗೆ, ಮೆಟ್ಟಿಲ ಮೇಲೆ ಓರೆಯಾಗಿ ಇಟ್ಟಿದ್ದು. ಲೆಕ್ಕ ತುಂಬ ಸುಲಭ, ಎಲ್ಲ ಕಡೆ ಬಳಸುವ ಅಳತೆ: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ವೇದಿಕೆ ಎರಡು ಅಡಿ ಇದ್ದರೆ ರ‍್ಯಾಂಪ್ 24 ಅಡಿ. ಆರಡಿ ಹಲಗೆ ಹತ್ತುವುದಕ್ಕೆ ನಾನೇನು ಸ್ಟಂಟ್ ಕಲಾವಿದೆಯೇ? ಆದರೆ ಅಳತೆ ತಪ್ಪಿದ್ದಕ್ಕಿಂತ ಹೆಚ್ಚು ಉರಿದದ್ದು ಬೇರೆ. ಆ ವೇದಿಕೆಯ ಮೇಲೆ ಮಾತಾಡುವವರಲ್ಲಿ, ಹಾಡುವವರಲ್ಲಿ ನಮ್ಮಂಥವರು ಇರಬಹುದು ಅಂತ ಯಾರಿಗೂ ಹೊಳೆದೇ ಇಲ್ಲ. ನಾವು ಬಂದರೆ ಪ್ರೇಕ್ಷಕರು. ಅದೂ ಹಿಂದಿನ ಸಾಲಿನಲ್ಲಿ, ಯಾಕೆಂದರೆ ಮುಂದೆ ವೀಲ್‌ಚೇರ್ ಬಿಟ್ಟರೆ "ಲುಕ್" ಹಾಳಾಗುತ್ತದೆ. ಮುಂದಿನವರು ಎದ್ದು ನಿಂತು ಚಪ್ಪಾಳೆ ಹೊಡೆಯುವಾಗ ನಾನು ನೋಡುವುದು ಅವರ ಬೆನ್ನು.

ನನ್ನ ಕುರ್ಚಿಯ ಕಥೆಯೇ ಜಾಸ್ತಿ ಆಯಿತು ಅಲ್ವಾ. ಗೇಟಿನಿಂದ ಕಂಡ ಉಳಿದದ್ದನ್ನೂ ಹೇಳುತ್ತೇನೆ. ಜನರೇಟರಿನ ಕೇಬಲ್ ದಾರಿಗೆ ಅಡ್ಡ ಬಿದ್ದಿತ್ತು. ಕಣ್ಣು ಕಾಣದವರ ಕೋಲು ಅದಕ್ಕೆ ಸಿಕ್ಕಿಕೊಳ್ಳದಂತೆ ಮುಚ್ಚಲು ರಬ್ಬರ್ ಪಟ್ಟಿ ಸಿಗುತ್ತದೆ. ಕಿವಿ ಕೇಳದವರಿಗೆ ಕೈಸನ್ನೆಯಲ್ಲಿ ತಿಳಿಸುವ ಸೈನ್ ಭಾಷೆಯವರನ್ನು ಕರೆಸಿದ್ದರು, ಅದಕ್ಕೆ ನಿಜವಾಗಿ ಖುಷಿಪಟ್ಟೆ. ಆದರೆ ಕತ್ತಲಾದ ಮೇಲೆ ಅವರ ಮೇಲೆ ಬೆಳಕೇ ಇಲ್ಲ! ಪಾಪ, ಕೈ ಆಡಿಸುತ್ತಲೇ ಇದ್ದರು. ಇನ್ನು ಹಗಲಿನ ಕಾರ್ಯಕ್ರಮಗಳ ಬಿಸಿಲು. ಬೆನ್ನುಹುರಿಗೆ ಪೆಟ್ಟಾದ ಎಷ್ಟೋ ಜನರಿಗೆ ಪೆಟ್ಟಾದ ಜಾಗದಿಂದ ಕೆಳಗೆ ಬೆವರು ಬರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಅವರಿಗೆ ನೆರಳು ಅಂದರೆ ಶೋಕಿಯಲ್ಲ. ಸ್ಪೀಕರ್ ಗದ್ದಲ ತಡೆಯಲಾಗದ ಮಗುವನ್ನು ಒಬ್ಬರು ತಾಯಿ ಹೊರಗೆ ರಸ್ತೆಯಲ್ಲಿ ಸಮಾಧಾನ ಮಾಡುತ್ತಿದ್ದರು. ಮೈದಾನದ ಒಂದು ಮೂಲೆಯನ್ನು ಅಂಥವರಿಗೆ ಗದ್ದಲವಿಲ್ಲದ ಜಾಗವಾಗಿ ಬಿಡಬಹುದಿತ್ತು.

ಈಗ ಕಾಮೆಂಟಿನಲ್ಲಿ ಬರುವುದು ಗೊತ್ತು: "ಸಣ್ಣ ತಂಡ, ದುಡ್ಡಿಲ್ಲ, ಬರುವವರು ಒಬ್ಬಿಬ್ಬರು." ದುಡ್ಡಿನ ಮಾತು ಸ್ವಲ್ಪ ಒಪ್ಪುತ್ತೇನೆ, 24 ಅಡಿ ರ‍್ಯಾಂಪ್ ಪುಕ್ಕಟೆ ಬರುವುದಿಲ್ಲ. ಆದರೆ ವೇದಿಕೆಯೇ ಬೇಡ ಅಂದು ನೆಲದ ಮೇಲೆ ಮಾಡಲು ಎಷ್ಟು ಖರ್ಚು? ಗಟ್ಟಿ ನೆಲದ ಮೈದಾನ ಹುಡುಕಲು? ಜಲ್ಲಿ ಸುರಿಯಲು ದುಡ್ಡಿತ್ತು ತಾನೇ? ಇನ್ನು ಒಬ್ಬಿಬ್ಬರು ಅನ್ನುವುದು. ಪ್ರಪಂಚದಲ್ಲಿ ಸುಮಾರು 130 ಕೋಟಿ ಜನರಿಗೆ ಗಣನೀಯ ಅಂಗವೈಕಲ್ಯ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಆರರಲ್ಲಿ ಒಬ್ಬರು. ಅವರೆಲ್ಲ ಎಲ್ಲಿ ಅಂತ ಕೇಳಬೇಡಿ. ಗೇಟಿನಿಂದ ವಾಪಸು ಹೋದವರನ್ನು ಯಾರೂ ಎಣಿಸುವುದಿಲ್ಲ. ಸಾಂಸ್ಕೃತಿಕ ಬದುಕಿನಲ್ಲಿ, ಮನರಂಜನೆಯಲ್ಲಿ ಭಾಗವಹಿಸುವುದು ನಮ್ಮ ಹಕ್ಕು ಅಂತ ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ ಮಾಡಿದ 2006ರ ಒಪ್ಪಂದದ 30ನೇ ವಿಧಿಯಲ್ಲೇ ಇದೆ. ಹಾಡು ಕೇಳೋಕೂ ಒಪ್ಪಂದ ಬೇಕಾಯಿತು ನೋಡಿ.

ಒಂದು ಮಾತು ಹೇಳಲೇಬೇಕು. ಎತ್ತಿಕೊಂಡು ಹೋಗ್ತೀವಿ ಅಂದಾಗ ನಾನು ಜಗಳ ಆಡುವುದಿಲ್ಲ. ನಗುತ್ತೇನೆ, ಥ್ಯಾಂಕ್ಸ್ ಅನ್ನುತ್ತೇನೆ. ನಿನ್ನೆಯೂ ನಕ್ಕೆ. ಆ ನಗು ಕಂಡರೆ ನನಗೇ ಆಗುವುದಿಲ್ಲ. ಈ ಸಿಟ್ಟೆಲ್ಲ ಅಲ್ಲಿ ಬರಬೇಕಿತ್ತು, ಇಲ್ಲಿ ಬರುತ್ತಿದೆ.

ಇವತ್ತು ಬೆಳಿಗ್ಗೆ ಇನ್ನೊಂದು ತಂಡದವರ ಪೋಸ್ಟರ್ ಬಂತು, ಮುಂದಿನ ತಿಂಗಳು, ಮರಗಳ ಕೆಳಗೆ ಕವಿತೆ ಓದುವುದಂತೆ. ಜಗುಲಿಯಂಥ ಎತ್ತರ ಇದೆಯಾ, ನೆಲ ಹೇಗಿದೆ, ಶೌಚಾಲಯ ಎಷ್ಟು ದೂರ ಅಂತ ಕೆಳಗೆ ಕೇಳಿದ್ದೇನೆ. ಉತ್ತರ ಬಂದಿಲ್ಲ. ಹೃದಯದ ಇಮೋಜಿ ಬಂದಿದೆ.