ತಪ್ಪೆಲ್ಲ ಊರಿನದೇ

ಸ್ಮಾರ್ಟ್ ಸಿಟಿಯ ಚಿತ್ರಗಳನ್ನು ನೀವೂ ನೋಡಿರಬೇಕು. ಆರ್ಕಿಟೆಕ್ಟ್‌ಗಳು ಕಂಪ್ಯೂಟರ್‌ನಲ್ಲಿ ಬಿಡಿಸಿದ್ದು. ಆ ಊರಲ್ಲಿ ಯಾವಾಗಲೂ ಬೆಳಗಿನ ಹತ್ತು ಗಂಟೆ. ಆಕಾಶ ನೀಲಿ. ಜೂನ್ ತಿಂಗಳು ಬರುವುದೇ ಇಲ್ಲ. ಫುಟ್‌ಪಾತ್ ಮೇಲೆ ಎತ್ತರದ ಯುವಕನೊಬ್ಬ ಕಾಫಿ ಲೋಟ ಹಿಡಿದು ನಡೆಯುತ್ತಿರುತ್ತಾನೆ. ನಮ್ಮ ಬೆಳಗಾವಿಯ ಖಡೇಬಜಾರಿನಲ್ಲಿ ಅವನನ್ನು ನಾನಂತೂ ಕಂಡಿಲ್ಲ. ಗಣಪತಿ ಗಲ್ಲಿಯಲ್ಲಿ ಬುಟ್ಟಿ ಇಟ್ಟು ಕೂರುವ ಮಾವಶಿಯರು ಮಾತ್ರ ಚಿತ್ರದಲ್ಲಿ ಎಲ್ಲೂ ಇಲ್ಲ.

ಹೀಗಾಗಿ ಬೆಳಗಾವಿ ಚಿತ್ರದಂತೆ ಕಾಣದಿದ್ದರೆ ತಪ್ಪು ಊರಿನದೇ. ಮಾಡಬೇಕಾದ್ದು ಸುಲಭ. ಪಶ್ಚಿಮ ಘಟ್ಟದಿಂದ ಬರುವ ಮಳೆಯನ್ನು ಖಾನಾಪುರದಲ್ಲೇ ತಡೆದು ಟೋಲ್ ಕೇಳುವುದು.

ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆ ಶುರುವಾದದ್ದು 2015ರ ಜೂನ್‌ನಲ್ಲಿ. 2016ರ ಜನವರಿಯಲ್ಲಿ ಬಂದ ಮೊದಲ 20 ನಗರಗಳ ಪಟ್ಟಿಯಲ್ಲೇ ನಾವಿದ್ದೆವು. ದಾವಣಗೆರೆಯೂ ಇತ್ತು. ಐದು ವರ್ಷಕ್ಕೆ ಕೇಂದ್ರದ 500 ಕೋಟಿ, ರಾಜ್ಯದ್ದೂ ಅಷ್ಟೇ ಎಂಬ ಲೆಕ್ಕ. ನಮ್ಮೂರ ಸಿಹಿ ಕುಂದಾ ಹಂಚುವಂಥ ಸುದ್ದಿಯೇ.

ಆರ್ಕಿಟೆಕ್ಟ್‌ಗಳನ್ನು ಸುಮ್ನೆ ಬೈಯಬಾರದು, ಪಾಪ. ಅವರಿಗೆ ಒಪ್ಪಿಸಿದ್ದೇ ಚಿತ್ರ. ಊರು ಕಟ್ಟುವವರು ಬೇರೆ. ಸಲಹಾ ಕಂಪನಿ ವರದಿ ಬರೆಯುತ್ತದೆ. ಕಡಿಮೆ ದರ ಹೇಳಿದವರಿಗೆ ಟೆಂಡರ್. ಅವರಿಂದ ಇನ್ನೊಬ್ಬರಿಗೆ ಉಪಗುತ್ತಿಗೆ. ಕೊನೆಗೆ ಗಟಾರದ ನೀರು ಯಾವ ಕಡೆ ಹರಿಯಬೇಕು ಎಂದು ತೀರ್ಮಾನಿಸುವವನು ಜೆಸಿಬಿ ಡ್ರೈವರ್. ನನ್ನ ಮಟ್ಟಿಗೆ ನಿಜವಾದ ನಗರ ವಾಸ್ತುಶಿಲ್ಪಿ ಅವನೇ. ಆದರೆ 1972ರ ವಾಸ್ತುಶಿಲ್ಪಿಗಳ ಕಾಯ್ದೆಯಲ್ಲಿ ಅವನನ್ನು ನೋಂದಾಯಿಸಲು ದಾರಿ ಇಲ್ಲ. ಅನ್ಯಾಯ ಅಲ್ವಾ?

ಹಿಂದಿನವರಿಗಂತೂ ಏನೂ ಗೊತ್ತಿರಲಿಲ್ಲ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಮ್ಮೂರಿನ ಟಿಳಕವಾಡಿಯಲ್ಲಿ ನಡೆಯಿತು. ಬರುವ ಜನರಿಗೆ ನೀರು ಬೇಕಲ್ಲ ಎಂದು ಮೊದಲೇ ಬಾವಿ ತೋಡಿಬಿಟ್ಟರು. ಒಂದು ಪ್ರೆಸೆಂಟೇಶನ್ ಇಲ್ಲ, ತ್ರೀಡಿ ವಿಡಿಯೋ ಇಲ್ಲ. ನೀರು ಮಾತ್ರ ಬಂತು. ಆ ಕಾಂಗ್ರೆಸ್ ಬಾವಿ ಇವತ್ತಿಗೂ ಇದೆ.

ನಮ್ಮ ಕಾಲದ ಸಾಧನೆ ನೋಡಬೇಕೆಂದರೆ ಫುಟ್‌ಪಾತಿನ ಹಳದಿ ಟೈಲ್ಸ್ ನೋಡಿ. ಕಣ್ಣು ಕಾಣದವರಿಗೆ ಕಾಲಿಗೇ ದಾರಿ ತಿಳಿಯಲಿ ಎಂದು 1960ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಟೈಲ್ಸ್ ಅವು. ಉದ್ದ ಗೆರೆ ಇದ್ದರೆ ಮುಂದೆ ನಡೆಯಿರಿ. ಗುಂಡು ಚುಕ್ಕಿ ಇದ್ದರೆ ಎಚ್ಚರ, ನಿಲ್ಲಿ. ನಮ್ಮ ದೇಶದ ಎಷ್ಟೋ ಊರುಗಳಲ್ಲಿ ಗೆರೆ ನೇರವಾಗಿ ಕರೆಂಟ್ ಕಂಬಕ್ಕೇ ಕರೆದುಕೊಂಡು ಹೋಗುತ್ತದೆ. ಚುಕ್ಕಿ ಇರುವುದು ಕಂಬದ ಆಚೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ನಿಯಮದಂತೆ ಫುಟ್‌ಪಾತಿನಲ್ಲಿ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಜಾಗ ಬೇಕು. 1.8 ಮೀಟರ್ ಇರುತ್ತದೆ, ಇಲ್ಲವೆನ್ನಲಾಗದು. ಅದರೊಳಗೆ ಕಂಬ, ಕಸದ ಡಬ್ಬಿ, ಖಾನಾವಳಿಯ ಬೋರ್ಡು, ಎರಡು ಬೈಕು.

ಕೇಳಿ ನೋಡಿ. "ಟೈಲ್ಸ್ ನಮ್ದ್ರೀ, ಕಂಬ ಕರೆಂಟಿನವರದು" ಎನ್ನುತ್ತಾರೆ ಎಂಜಿನಿಯರ್. ಕರೆಂಟಿನವರ ಹತ್ತಿರ ಹೋದರೆ, "ಕಂಬ ಮೊದಲಿಂದ ಐತ್ರಿ, ಟೈಲ್ಸ್ ಆಮ್ಯಾಲ ಬಂದದ್ದು." ಇಬ್ಬರ ಮಾತೂ ನಿಜ. ಬಿಲ್ಲಿಗೆ ಲಗತ್ತಿಸಿದ ಫೋಟೋವನ್ನು ಮಾತ್ರ ಕಂಬಕ್ಕೆ ಬೆನ್ನು ಕೊಟ್ಟು ನಿಂತು ತೆಗೆದಿರುತ್ತಾರೆ.