ಪೋಸ್ಟ್‌ಗ್ರೆಸ್ ಅಂದ್ರೆ ಯಾರು ಮಾರಾಯ?

ಕಾಸರಗೋಡಿನ ಬದಿಯಡ್ಕದ ಮಾವನಿಗೆ ಅಡಿಕೆ ಲೆಕ್ಕ ಇಡ್ಲಿಕ್ಕೆ ಸಣ್ಣದೊಂದು ಸಾಫ್ಟ್‌ವೇರ್ ಮಾಡಿಕೊಡ್ತೇನೆ ಅಂತ ಮೊನ್ನೆ ಊಟಕ್ಕೆ ಕೂತಾಗ ಬಾಯಿ ಬಿಟ್ಟದ್ದೇ ತಪ್ಪಾಯ್ತು. ಮರುದಿನ ಬೆಳಿಗ್ಗೆಯೇ ಲ್ಯಾಪ್‌ಟಾಪ್ ಜಗಲಿಗೆ ತಂದಿಟ್ಟು ಎದುರು ಕೂತ್ರು.

ಲೆಕ್ಕವನ್ನೆಲ್ಲ ತುಂಬಿಸಿಡುವ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇನ್‌ಸ್ಟಾಲ್ ಮಾಡಿದೆ, ಪಾಸ್‌ವರ್ಡ್ ಕೇಳಿತು, ಕೊಟ್ಟೆ, ಊಟ ಮುಗಿಸಿ ಬಂದು ಅದರೊಳಗೆ ಹೋಗುವ ಕಿಟಕಿ, ಎಸ್‌ಕ್ಯೂಎಲ್ ಶೆಲ್ ತೆಗೆದೆ. ಸರ್ವರ್, ಡೇಟಾಬೇಸ್, ಪೋರ್ಟ್ 5432, ಯೂಸರ್‌ನೇಮ್ ಎಲ್ಲ ಅದೇ ಬರೆದಿಟ್ಟಿರ್ತದೆ, ಎಂಟರ್ ಒತ್ತಿಕೊಂಡು ಹೋದ್ರೆ ಆಯ್ತು, ಪಾಸ್‌ವರ್ಡ್ ಒಂದೇ ನಾವು ಹಾಕ್ಬೇಕಾದ್ದು, ಅದೂ ಹಾಕುವಾಗ ಸ್ಕ್ರೀನಲ್ಲಿ ಒಂದು ಚುಕ್ಕಿಯೂ ಕಾಣುದಿಲ್ಲ. ಹಾಕಿದೆ. ಪೋಸ್ಟ್‌ಗ್ರೆಸ್ ಎಂಬ ಯೂಸರಿನ ಪಾಸ್‌ವರ್ಡ್ ತಪ್ಪು ಅಂತ ಬಂತು.

"ಅದ್ಯಾರು ಪೋಸ್ಟ್‌ಗ್ರೆಸ್? ಲ್ಯಾಪ್‌ಟಾಪ್ ನನ್ನದಲ್ವಾ?"

"ವಿಂಡೋಸಿನ ಯೂಸರ್ ಬೇರೆ ಮಾವ, ಇವ ಡೇಟಾಬೇಸಿನ ಯಜಮಾನ."

"ನನ್ನ ಅಡಿಕೆಗೆ ಅವ ಎಂತ ಯಜಮಾನ?"

ಉತ್ತರ ಹೇಳ್ಲಿಕ್ಕೆ ಗೊತ್ತಾಗದೆ ಅನ್‌ಇನ್‌ಸ್ಟಾಲ್ ಮಾಡಿ ಪುನಃ ಹಾಕಿದೆ. ಈ ಸಾಫ್ಟ್‌ವೇರ್ ತೆಗೆದ್ರೂ ಡೇಟಾ ಫೋಲ್ಡರ್ ಹಳೇ ಪಾಸ್‌ವರ್ಡ್ ಸಮೇತ ಅಲ್ಲೇ ಉಳೀತದೆ ಅಂತ ಆಮೇಲೆ ನೆನಪಾಯ್ತು, ಒಂದು ಗಂಟೆ ಹೋಯ್ತು, ಎರಡು ಚಾ ಆಯ್ತು.

ಇನ್ನು ಉಳಿದದ್ದು ಒಂದೇ ದಾರಿ. ಆ ಡೇಟಾ ಫೋಲ್ಡರಿನಲ್ಲಿ ಯಾರನ್ನು ಹೇಗೆ ಒಳಗೆ ಬಿಡ್ಬೇಕು ಅಂತ ಬರೆದಿಟ್ಟ ಪಿಜಿ ಎಚ್‌ಬಿಎ ಅಂತ ಒಂದು ಫೈಲ್ ಉಂಟು, ಅದರ ಕೊನೆಗೆ ಪಾಸ್‌ವರ್ಡ್ ಕೇಳು ಅನ್ನುವ ಲೆಕ್ಕದಲ್ಲಿ ಸ್ಕ್ರಾಮ್-ಶಾ-256 ಅಂತ ಇರುವಲ್ಲಿ ಟ್ರಸ್ಟ್ ಅಂತ ಬರೆದು ಸರ್ವಿಸ್ ರೀಸ್ಟಾರ್ಟ್ ಮಾಡಿದ್ರೆ ಪಾಸ್‌ವರ್ಡ್ ಕೇಳದೆ ಒಳಗೆ ಬಿಡ್ತದೆ, ಹೊಸ ಪಾಸ್‌ವರ್ಡ್ ಕೊಟ್ಟು ಪುನಃ ಮೊದಲಿನ ಹಾಗೆ ಮಾಡಿ ಇಡ್ಬೇಕು. ನೋಟ್‌ಪ್ಯಾಡಲ್ಲಿ ತೆಗೆದು ಟಿ, ಆರ್, ಯು, ಎಸ್, ಟಿ ಒತ್ತಿದೆ. ಬಂದದ್ದು ಆಚೆ ಎರಡು ಕೊಂಬು, ಈಚೆ ಎರಡು ಕೊಂಬು, ನಡುವಲ್ಲಿ ಒಂದು ಮಲಯಾಳದ ಹ!

ಮಧ್ಯಾಹ್ನ ನಾನು ಸಾರು ಅನ್ನ ಉಣ್ತಾ ಇದ್ದಾಗ ಮಾವನ ಮಗಳು ಪಂಚಾಯತಿಗೆ ಅರ್ಜಿ ಟೈಪ್ ಮಾಡಿ ಕೀಬೋರ್ಡನ್ನು ಮಲಯಾಳದಲ್ಲೇ ಬಿಟ್ಟು ಹೋಗಿದ್ಳು. 1956ರಿಂದ ಕಾಸರಗೋಡಲ್ಲಿ ನಡೀತಾ ಇರುವ ಭಾಷೆಯ ತಕರಾರು ನನ್ನ ಪಾಸ್‌ವರ್ಡಿನೊಳಗೂ ಹೊಕ್ಕೀತು ಅಂತ ಯಾರಿಗೆ ಗೊತ್ತಿತ್ತು! ಕೀಬೋರ್ಡ್ ಇಂಗ್ಲಿಷಿಗೆ ತಂದೆ, ಹಳೇ ಪಾಸ್‌ವರ್ಡೇ ಹಾಕಿದೆ, ಫಕ್ಕನೆ ಒಳಗೆ ಬಿಟ್ಟಿತು. ಮಾವನಿಗೆ "ಸಣ್ಣ ಟೆಕ್ನಿಕಲ್ ಇಶ್ಯೂ" ಅಂದೆ.

ಮರುದಿನ ಬೆಳಿಗ್ಗೆ ಅವಳ ಫೋನ್. "ಬಾವಾ, ಲ್ಯಾಪ್‌ಟಾಪಿಗೆ ಎಂತ ಮಾಡಿದ್ದು ನೀವು? ಅರ್ಜಿ ಪೂರಾ ಇಂಗ್ಲಿಷಲ್ಲಿ ಬರ್ತಾ ಉಂಟು."